ಕಾಕಾನ ಕಂಪ್ಯೂಟರಿನ ಕೀಲಿ

ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ. ಅದನ್ನು ತೆಗೆಯುವುದು ಕೀಲಿಕೈ. ಹೀಗಾಗಿ ಕೀಬೋರ್ಡಿಗೆ ಕನ್ನಡದಲ್ಲಿ ಕೀಲಿಮಣೆ ಎಂದು ಹೆಸರಾದಾಗ ಗದಗ ಜಿಲ್ಲೆಯ ನಮ್ಮಂಥವರ ಕಿವಿಗೆ ಅದು ಸಾಲಾಗಿ ಬೀಗ ಜಡಿದ ಮಣೆಯ ಹಾಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ರೋಣ ತಾಲೂಕಿನ ಸವಡಿಯ ನಮ್ಮ ಮನೆಯಲ್ಲಿ ಕಾಕಾನ ಕಂಪ್ಯೂಟರು ಹನ್ನೊಂದು ದಿನ ಯಾರ ಮಾತಿಗೂ ಜಗ್ಗದೆ ಕೂತಿದ್ದಾಗ ನನಗಂತೂ ಆ ಅರ್ಥವೇ ಸರಿ ಎನಿಸಿತ್ತು.

ಕಾಕಾ ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ನಿವೃತ್ತಿಯ ದುಡ್ಡಿನಲ್ಲಿ ಮೊದಲು ಸೋರುತ್ತಿದ್ದ ಮಾಳಿಗೆ ಸರಿ ಮಾಡಿಸಿದ, ಆಮೇಲೆ ಒಂದು ಕಂಪ್ಯೂಟರ್ ತಂದ. ಅರವತ್ತು ದಾಟಿದವನಿಗೆ ಇದೇನು ಹುಚ್ಚು ಎಂದು ಓಣಿಯವರು ನಕ್ಕರು. ಅವನಿಗೆ ಅವನದೇ ಲೆಕ್ಕವಿತ್ತು. ನೌಕರಿಯ ಉದ್ದಕ್ಕೂ ರೋಣ, ನರಗುಂದ, ಗಜೇಂದ್ರಗಡದ ಕಡೆಯ ಹಳ್ಳಿಗಳಲ್ಲಿ ಅವನು ಹಾಡು ಬರೆದುಕೊಂಡಿದ್ದ. ಬೀಸುವ ಪದ, ಸೋಬಾನೆ, ರಾಶಿ ಮಾಡುವಾಗಿನ ಹಂತಿಯ ಪದ, ಮೊಹರಮ್ಮಿನ ರಿವಾಯತ. ನೋಟುಬುಕ್ಕುಗಳಿಗೆ ಗೆದ್ದಲು ಬಿದ್ದಾಗ ಅವನ್ನೆಲ್ಲ ಟೈಪು ಮಾಡಿ ಇಡಬೇಕೆಂದು ನಿಶ್ಚಯಿಸಿದ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿ ಕಾಲವಾಗಿತ್ತು. ಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಮುದುಕಿಯರು ಒಬ್ಬೊಬ್ಬರೇ ಹೋಗುತ್ತಿದ್ದರು. ಅವನ ಕಂಪ್ಯೂಟರಿನಲ್ಲಿ ಇರುವ ಕೆಲವು ಹಾಡು ಈಗ ಊರಿನಲ್ಲಿ ಯಾರ ಬಾಯಲ್ಲೂ ಇಲ್ಲ.

ಟೈಪು ಮಾಡುವುದಕ್ಕೆ ಅವನು ಕಲಿತದ್ದು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶವನ್ನು. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಇಡೀ ಕನ್ನಡ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರಗಳ ಗುಂಡಿಗಳಲ್ಲೇ ಕೂರಿಸಿದ ಜಾಣತನ ಅದು. ಬಹುಪಾಲು ಅಕ್ಷರಗಳು ಸದ್ದಿಗೆ ಹೊಂದಿಕೊಂಡಿವೆ: ಎಸ್ ಒತ್ತಿದರೆ ಸ, ವಿ ಒತ್ತಿದರೆ ವ, ಎಮ್ ಒತ್ತಿದರೆ ಮ. ಕೆಲವು ಹಾಗಲ್ಲ. ಟಿ ಮತ್ತು ಡಿ ಗುಂಡಿಗಳನ್ನು ತ ಮತ್ತು ದ ಹಿಡಿದುಕೊಂಡಿರುವುದರಿಂದ ಟ ಹೋಗಿ ಕ್ಯೂ ಮೇಲೆ ಕೂತಿದೆ, ಡ ಹೋಗಿ ಡಬ್ಲ್ಯೂ ಮೇಲೆ. ಮಕ್ಕಳಿಗೆ ಮಗ್ಗಿ ಕಲಿಸಿದವನು ತಾನು ಇದನ್ನು ಮಗ್ಗಿಯ ಹಾಗೆಯೇ ಬಾಯಿಪಾಠ ಮಾಡಿದ. ವರ್ಷ ತುಂಬುವುದರೊಳಗೆ ಕೆಳಗೆ ನೋಡದೆ ಹತ್ತೂ ಬೆರಳಿನಲ್ಲಿ ಹೊಡೆಯುವಷ್ಟು ಪಳಗಿದ. ಮೊಮ್ಮಕ್ಕಳು ರಜೆಗೆ ಬಂದು ಗೇಮ್ ಆಡಿ ಏನನ್ನೋ ಅಳಿಸಿಬಿಟ್ಟಾರೆಂದು ಒಂದು ಪಾಸ್‌ವರ್ಡ್ ಹಾಕಿದ. ಅದನ್ನು ಯಾರಿಗೂ ಹೇಳಲಿಲ್ಲ, ಎಲ್ಲಿಯೂ ಬರೆದಿಡಲಿಲ್ಲ.

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು. ಹಾಗಾಗಿ ಬಲಗೈ, ಬಲಗಾಲು ಸೋತವು, ಮಾತೂ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕಾಲು ಒಂದಿಷ್ಟು ಸುಧಾರಿಸಿತು. ಮಾತು ಮಾತ್ರ ಬರಲಿಲ್ಲ. ‘ಹೌದಲಾ’ ಎಂಬ ಒಂದೇ ಶಬ್ದ ಉಳಿಯಿತು. ನೀರು ಬೇಕಾದರೂ ಹೌದಲಾ, ಬೇಡವಾದರೂ ಹೌದಲಾ. ಎದುರಿನವರು ಹೇಳಿದ್ದು ಅವನಿಗೆ ತಿಳಿಯುತ್ತಿತ್ತು, ತಲೆಯಾಡಿಸಿ ಹೂಂ ಉಹೂಂ ಹೇಳುತ್ತಿದ್ದ. ಹೇಳಬೇಕಾದ ಶಬ್ದವಷ್ಟೇ ಸಿಗುತ್ತಿರಲಿಲ್ಲ. ಒಂದು ಮುಂಜಾನೆ ಕೋಲು ಊರಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂತ. ಚಿಗವ್ವ ಸ್ವಿಚ್ ಹಾಕಿದಳು. ಪರದೆಯ ಮೇಲೆ ಅವನ ಹೆಸರು ಬಂತು, ಕೆಳಗೆ ಖಾಲಿ ಚೌಕ. ಅವನು ಅದನ್ನೇ ನೋಡುತ್ತ ಕೂತ. ಎಡಗೈ ಎತ್ತಿದ, ಇಳಿಸಿದ. ಕೊನೆಗೆ ನಮ್ಮ ಕಡೆ ತಿರುಗಿ ಹೌದಲಾ ಅಂದ.

ತಪ್ಪು ಪಾಸ್‌ವರ್ಡ್ ಕೊಟ್ಟರೆ ವಿಂಡೋಸ್ 7 ಒಂದು ಸುಳುಹು ತೋರಿಸುತ್ತದೆ. ಪಾಸ್‌ವರ್ಡ್ ಇಡುವಾಗ ನಾವೇ ಬರೆದುಕೊಂಡ ಸುಳುಹು ಅದು. ಕಾಕಾ ಇಂಗ್ಲಿಷ್ ಅಕ್ಷರದಲ್ಲಿ ‘ನಮ್ಮೂರು’ ಎಂದು ಬರೆದಿದ್ದ. ಮನೆಮಂದಿಗೆಲ್ಲ ಹುರುಪು ಬಂತು. ಇದರಲ್ಲೇನಿದೆ, ಸವಡಿ! ಆದರೆ ಸವಡಿಯನ್ನು ಇಂಗ್ಲಿಷಿನಲ್ಲಿ ಬರೆಯಲು ಎಷ್ಟು ದಾರಿಗಳಿವೆ ಎಂದು ಅವತ್ತೇ ನಮಗೆ ಗೊತ್ತಾದದ್ದು. ವಿ ಹಾಕಿ, ಡಬ್ಲ್ಯೂ ಹಾಕಿ, ಒಂದು ಎ ಹಾಕಿ, ಎರಡು ಎ ಹಾಕಿ, ಮೊದಲಕ್ಷರ ದೊಡ್ಡದು ಮಾಡಿ, ಎಲ್ಲವನ್ನೂ ದೊಡ್ಡದು ಮಾಡಿ, ಮುಂದೆ 123 ಸೇರಿಸಿ, ಪಿನ್‌ಕೋಡ್ ಸೇರಿಸಿ ನೋಡಿದೆವು. ರೋಣ, ಗದಗ ಎಲ್ಲ ಆಯಿತು. ಕಾಕಾನ ಅಜ್ಜಿಯ ತವರೂರು, ಅವನ ಮೊದಲ ನೌಕರಿಯ ಊರು ಕೂಡ ಆಯಿತು. ಒಂದೂ ನಡೆಯಲಿಲ್ಲ.

ತಾಲೂಕಿನ ಒಂದು ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ತಲೆ ಎತ್ತದೆಯೇ, ‘ಫಾರ್ಮ್ಯಾಟ್ ಹೊಡದು ಬಿಡೂಣ್ರಿ ಸರ, ಒಂದ ತಾಸಿನ ಕೆಲಸ’ ಅಂದ.

‘ಒಳಗಿದ್ದದ್ದು ಹೋಗತೈತಲ್ಲಪಾ.’

‘ಏನೈತ್ರಿ ಒಳಗ?’

‘ಹಾಡು ಅದಾವು.’

‘ಅಯ್ಯ, ಹಾಡೇನ್ರಿ ಸರ? ಪೆನ್‌ಡ್ರೈವಿಗೆ ಬೇಕಾದಷ್ಟು ಹಾಕಿ ಕೊಡ್ತೀನಿ ತಗೋರಿ!’

ಅವನ ತಪ್ಪೇನೂ ಇಲ್ಲ. ಅವನು ಕಂಡ ಹಾಡುಗಳೆಲ್ಲ ಒಂದು ಹೋದರೆ ಇನ್ನೊಂದು ಕಡೆ ಸಿಗುವಂಥವು. ಯೋಚಿಸಿ ಹೇಳುತ್ತೇನೆ ಎಂದು ಹೊರಟು ಬಂದೆ.

ಕಂಪ್ಯೂಟರಿಗಂತೂ ಆ ಪಾಸ್‌ವರ್ಡ್ ಗೊತ್ತಿರಲೇಬೇಕು, ಅದರ ಹೊಟ್ಟೆಯೊಳಗಿಂದ ತೆಗೆಯಲು ಬರುವುದಿಲ್ಲವೇ ಎಂದು ಚಿಗವ್ವ ಕೇಳಿದಳು. ಸಹಜವಾದ ಪ್ರಶ್ನೆ. ಉತ್ತರ ಮಾತ್ರ ವಿಚಿತ್ರ: ಕಂಪ್ಯೂಟರಿಗೂ ಅದು ಗೊತ್ತಿಲ್ಲ. ನಾನು ಬೀಸುವ ಕಲ್ಲಿನ ಉದಾಹರಣೆ ಕೊಟ್ಟೆ. ಜೋಳ ಹಾಕಿ ಬೀಸಿದರೆ ಹಿಟ್ಟು ಬರುತ್ತದೆ, ಹಿಟ್ಟನ್ನು ತಿರುಗಿ ಜೋಳ ಮಾಡಲು ಬರುವುದಿಲ್ಲ. ಕಂಪ್ಯೂಟರು ನಾವು ಕೊಟ್ಟ ಶಬ್ದವನ್ನು ಗಣಿತದ ಕಲ್ಲಿಗೆ ಹಾಕಿ ಬೀಸಿ, ಬಂದ ಹಿಟ್ಟನ್ನಷ್ಟೇ ಇಟ್ಟುಕೊಳ್ಳುತ್ತದೆ. ವಿಂಡೋಸಿನಲ್ಲಿ ಅದು 16 ಬೈಟುಗಳ ಒಂದು ಸಂಖ್ಯೆ. ಮುಂದಿನ ಸಲ ನಾವು ಶಬ್ದ ಕೊಟ್ಟಾಗ ಮತ್ತೆ ಬೀಸಿ, ಎರಡೂ ಹಿಟ್ಟು ಒಂದೇ ಆದರೆ ಬಾಗಿಲು ತೆಗೆಯುತ್ತದೆ. ಒಂದು ಕಾಳು ಬೇರೆಯಾದರೂ ಹಿಟ್ಟು ಪೂರ್ತಿ ಬೇರೆ. ಹತ್ತಿರ ಬಂದಿದ್ದೀರಿ, ಇನ್ನೊಂದು ಅಕ್ಷರ ಅಷ್ಟೇ ಎಂದು ಅದು ಹೇಳಲಾರದು.

ಮೊದಮೊದಲು ಹೀಗಿರಲಿಲ್ಲ. ಅಮೆರಿಕದ ಎಂಐಟಿಯಲ್ಲಿ 1960ರ ದಶಕದ ಆರಂಭದಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಬಂತು. ಫರ್ನಾಂಡೊ ಕೊರ್ಬಾಟೊ ಅದರ ಮುಂದಾಳು. ಒಬ್ಬರ ಕೆಲಸ ಒಬ್ಬರು ನೋಡದಿರಲಿ ಎಂದು ಅಲ್ಲಿ ಪಾಸ್‌ವರ್ಡ್ ಇಟ್ಟರು. ಆದರೆ ಎಲ್ಲರ ಪಾಸ್‌ವರ್ಡೂ ಒಂದು ಕಡತದಲ್ಲಿ ಇದ್ದ ಹಾಗೆಯೇ ಇರುತ್ತಿತ್ತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಸಮಯ ಸಾಲದೆಂದು, ಆ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಹೆಸರಿನಲ್ಲಿ ಕೆಲಸ ಮಾಡಿದ. 1966ರಲ್ಲಿ ಎರಡು ಕಡತ ಅದಲುಬದಲಾಗಿ, ಒಳಗೆ ಬಂದವರಿಗೆಲ್ಲ ಸ್ವಾಗತದ ಸಂದೇಶದ ಬದಲು ಎಲ್ಲರ ಪಾಸ್‌ವರ್ಡ್ ಕಾಣಿಸಿತು. ಬೀಸಿ ಇಡುವ ಪದ್ಧತಿ ಗಟ್ಟಿಯಾದದ್ದು ಇಂಥ ಫಜೀತಿಗಳ ನಂತರ. ಯುನಿಕ್ಸಿನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಈ ಕುರಿತು ಬರೆದ ಪ್ರಬಂಧದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಅವರು ಕಲೆಹಾಕಿದ 3,289 ಪಾಸ್‌ವರ್ಡುಗಳಲ್ಲಿ 2,831 ಸುಲಭವಾಗಿ ಸಿಕ್ಕಿಬಿದ್ದವು. ಒಂದೋ ತೀರ ಚಿಕ್ಕವು, ಇಲ್ಲವೇ ನಿಘಂಟಿನಲ್ಲಿ, ಹೆಸರುಗಳ ಪಟ್ಟಿಯಲ್ಲಿ ಸಿಗುವಂಥವು. ಯಂತ್ರ ಮರೆಯಲು ಕಲಿತರೂ ಮನುಷ್ಯ ತನಗೆ ನೆನಪಿರುವುದನ್ನೇ ಇಟ್ಟುಕೊಳ್ಳುತ್ತಾನೆ.

ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಹೋಗಲು ದಾರಿ ಇತ್ತು. ಪೆನ್‌ಡ್ರೈವಿನಿಂದ ಬೇರೊಂದು ವ್ಯವಸ್ಥೆ ಚಾಲೂ ಮಾಡಿ, ಆ ಹಿಟ್ಟು ಇರುವ ಕಡತವನ್ನು ತಿದ್ದಿ, ಪಾಸ್‌ವರ್ಡನ್ನೇ ಖಾಲಿ ಮಾಡಬಹುದು. ಇದು ಹಳೆಯ ಉಪಾಯ. ವಿಂಡೋಸಿನ ಸ್ವಂತ ಗೂಢಲಿಪೀಕರಣ ಬಳಸಿ ಮುಚ್ಚಿಟ್ಟ ಕಡತಗಳಿದ್ದರೆ, ಬ್ರೌಸರಿನಲ್ಲಿ ಉಳಿಸಿಕೊಂಡ ಪಾಸ್‌ವರ್ಡುಗಳಿದ್ದರೆ, ಹೀಗೆ ಒಡೆದು ಹೋದವರಿಗೆ ಅವು ಸಿಗುವುದಿಲ್ಲ. ಅದಕ್ಕೇ ಏನನ್ನೂ ತಿದ್ದುವ ಮೊದಲು ಹಾರ್ಡ್‌ಡಿಸ್ಕನ್ನು ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ತಂತಿ ಹಾಕಿ ಜೋಡಿಸಿದೆ. ಕಾಕಾನ ಯಂತ್ರ ಹಳೆಯದು, ಡಿಸ್ಕಿಗೆ ಗೂಢಲಿಪಿ ಇರಲಿಲ್ಲ. ಕಡತಗಳೆಲ್ಲ ಕಂಡವು. ಪ್ರತಿ ಮಾಡಿಕೊಂಡೆ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಇದು ನಡೆಯದು. ಅವುಗಳ ಡಿಸ್ಕ್ ತಾನಾಗಿಯೇ ಗೂಢಲಿಪಿಯಲ್ಲಿರುತ್ತದೆ. 48 ಅಂಕಿಗಳ ಒಂದು ರಿಕವರಿ ಕೀಲಿಕೈ ಇಲ್ಲದಿದ್ದರೆ ಬಿಚ್ಚಿದರೂ ಬರಿಯ ಕಸ. ಓದುವವರು ತಮ್ಮ ಯಂತ್ರದ ಆ ಅಂಕಿಗಳು ಎಲ್ಲಿವೆ ಎಂದು ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು.

ಪ್ರತಿ ಮಾಡಿದ ಕಡತ ತೆರೆದರೆ ಅಲ್ಲಿ ಕನ್ನಡವೇ ಇರಲಿಲ್ಲ. ಒಂದು ಪಿ, ತಲೆಯ ಮೇಲೆ ಗೆರೆ ಇರುವ ಎ, ಪೌಂಡಿನ ಗುರುತು, ಮತ್ತೆ ತಲೆಗೆರೆಯ ಎ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ್ದನ್ನು ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಹೀಗೆಯೇ. ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಮೊದಲಾದ ಲಿಪಿಗಳ ಚಿಹ್ನೆಗಳ ಜಾಗದಲ್ಲಿ ಕೂರಿಸಿದ ಕಾಲದ ಕಡತಗಳವು. ಯುನಿಕೋಡಿಗೆ ಪರಿವರ್ತಿಸದೆ ಉಳಿದ ಇಂಥ ಬರಹ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಇನ್ನೂ ರಾಶಿ ಬಿದ್ದಿದೆ. ನುಡಿ ಹಾಕಿಕೊಂಡ ಮೇಲೆ ಹಾಡುಗಳು ಹಾಡಿನ ರೂಪಕ್ಕೆ ಬಂದವು. ಹಾಡು ಉಳಿಯಿತು ಎಂದು ಚಿಗವ್ವನಿಗೆ ಹೇಳಿದೆ.

ಅವಳು ಸಮಾಧಾನಪಟ್ಟಳು, ಆದರೆ ಕಾಕಾನ ಕಡೆ ನೋಡಿ, ‘ಹಾಡು ಸಿಕ್ಕುವು ಖರೆ. ಅವರಿಗೆ ಬೇಕಾದ್ದು ಅದಲ್ಲ ನೋಡು’ ಅಂದಳು.

ಡಿಸ್ಕ್ ತಿರುಗಿ ಜೋಡಿಸಿದ ಮೇಲೆ ನಾನು ಕಾಕಾನಿಗೇ ಕೇಳಿದೆ. ‘ಕಾಕಾ, ಪಾಸ್‌ವರ್ಡ್ ತಗದ ಬಿಡತೀನಿ, ಹೂಂ ಅನ್ನು. ಸ್ವಿಚ್ ಹಾಕಿದ ಕೂಡ್ಲೆ ತಕ್ಕೋತೈತಿ.’ ಅವನು ಉಹೂಂ ಎಂದು ತಲೆಯಾಡಿಸಿದ. ಎರಡನೆಯ ಸಲ ಕೇಳಿದಾಗ ಎಡಗೈಯಿಂದ ಪರದೆಯನ್ನು ತೋರಿಸಿ, ಆಮೇಲೆ ತನ್ನ ಎದೆಯನ್ನು ಮುಟ್ಟಿಕೊಂಡ. ಚಿಗವ್ವ ಅದನ್ನು ಮಾತಿಗೆ ತಂದಳು: ‘ಮನಿ ಅವರದು. ಕದಾ ಒಡದು ಒಳಗ ಹೋಗಂದ್ರ ಹ್ಯಾಂಗ ಹೋಗ್ತಾರ?’ ಊರಿನಲ್ಲಿ ಜನ ಅವನ ಎದುರಿಗೇ ಅವನ ಬಗ್ಗೆ ಚಿಗವ್ವನನ್ನು ಕೇಳುತ್ತಿದ್ದರು: ಮಾಸ್ತರು ಉಂಡರೇನು, ಮಾಸ್ತರಿಗೆ ತಿಳೀತೈತೇನು. ಆ ಖಾಲಿ ಚೌಕ ಮಾತ್ರ ಇನ್ನೂ ಅವನನ್ನೇ ಕೇಳುತ್ತಿತ್ತು.

ಮಾತು ಹೋದವರ ಬಗ್ಗೆ ಒಂದಿಷ್ಟು ಓದಿದೆ. ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1861ರಲ್ಲಿ ವರ್ಣಿಸಿದ ರೋಗಿಯ ಬಾಯಲ್ಲಿ ‘ತಾನ್’ ಎಂಬುದೊಂದೇ ಉಳಿದಿತ್ತಂತೆ, ನಮ್ಮ ಕಾಕಾನ ಹೌದಲಾದ ಹಾಗೆ. ಮೆದುಳಿನ ಎಡಗಡೆಯ ಮುಂಭಾಗಕ್ಕೆ ಪೆಟ್ಟಾದರೆ ಮಾತು ಹೋಗುತ್ತದೆ ಎಂದು ಬ್ರೋಕಾ ತೋರಿಸಿದ್ದು ಅಂಥ ರೋಗಿಗಳಿಂದ. ಆದರೆ ಮಾತಾಡಲಾಗದ ಎಷ್ಟೋ ಜನ ಹಾಡಬಲ್ಲರು, ಒಂದರಿಂದ ಹತ್ತು ಎಣಿಸಬಲ್ಲರು. ಬೇಕೆಂದಾಗ ಹುಡುಕಿ ತೆಗೆಯುವ ಶಬ್ದ ಬೇರೆ, ಸಾವಿರ ಸಲ ಮಾಡಿ ಮೈಗೆ ಅಂಟಿದ ರೂಢಿ ಬೇರೆ. ಇದು ಎಲ್ಲರಲ್ಲೂ ಒಂದೇ ರೀತಿ ಉಳಿಯುವುದಿಲ್ಲ. ಕಾಕಾನಲ್ಲಿ ಏನು ಉಳಿದಿದೆ ಎಂದು ನೋಡುವುದಕ್ಕೆ ಖರ್ಚೇನೂ ಇರಲಿಲ್ಲ.

ಇನ್ನೊಂದು ವಿಚಾರವೂ ತಲೆಯಲ್ಲಿ ಸುಳಿದಿತ್ತು. ಲ್ಯಾಪ್‌ಟಾಪಿನಲ್ಲಿ ಹಾಡಿನ ಬದಲು ಚಿತ್ರವಿಚಿತ್ರ ಚಿಹ್ನೆಗಳನ್ನು ಕಂಡಾಗ, ಒಂದೇ ಬರಹ ನುಡಿ ಇದ್ದರೆ ಒಂದು ಬಗೆ, ಇಲ್ಲದಿದ್ದರೆ ಒಂದು ಬಗೆ ಎಂದು ಹೊಳೆಯಿತು. ಅದು ಅಕ್ಷರಶೈಲಿಯ ಮಾತು. ಪಾಸ್‌ವರ್ಡಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೆ ಕಂಪ್ಯೂಟರಿಗೆ ಒಳಗೆ ಹೋಗುವ ಮೊದಲಿನ ಪರದೆಯಲ್ಲಿಯೂ ನುಡಿ ಇರುವುದಿಲ್ಲ. ಅಲ್ಲಿ ಯಾವ ಗುಂಡಿ ಒತ್ತಿದರೂ ಅದರ ಇಂಗ್ಲಿಷ್ ಅಕ್ಷರವೇ ಬೀಳುತ್ತದೆ, ಅದೂ ಕಾಣದಂತೆ ಬರಿಯ ಚುಕ್ಕೆಯಾಗಿ. ಕಾಕಾನಿಗೆ ಆ ಗುಂಡಿಗಳ ಮೇಲಿನ ಇಂಗ್ಲಿಷ್ ಯಾವತ್ತು ಲೆಕ್ಕಕ್ಕಿತ್ತು?

ಹನ್ನೊಂದನೆಯ ದಿನ ಸಂಜೆ ನನ್ನ ಲ್ಯಾಪ್‌ಟಾಪಿನಲ್ಲಿ ನುಡಿ ಚಾಲೂ ಮಾಡಿ, ಅವನ ಕೀಲಿಮಣೆಯನ್ನೇ ಅದಕ್ಕೆ ಜೋಡಿಸಿ, ಅವನ ಎರಡೂ ಕೈಗಳನ್ನು ಅದರ ಮೇಲೆ ಇಟ್ಟೆವು. ಬಲಗೈಯನ್ನು ಚಿಗವ್ವ ಎತ್ತಿ ಇಟ್ಟಳು. ‘ಕಾಕಾ, ನೀ ಏನೂ ಹೇಳಬ್ಯಾಡ. ಮಣಿ ಕಡೆ ನೋಡಬ್ಯಾಡ. ನಮ್ಮೂರು ಹೊಡಿ, ಸಾಕು’ ಅಂದೆ.

ಬಹಳ ಹೊತ್ತು ಏನೂ ಆಗಲಿಲ್ಲ. ಹೊರಗೆ ಎಮ್ಮೆಗಳು ಮನೆಗೆ ಬರುವ ಹೊತ್ತು. ಅವನ ದೃಷ್ಟಿ ಕಿಟಕಿಯ ಕಡೆ ಹೋಯಿತು. ಹಾಗೆ ಬೇರೆ ಕಡೆ ನೋಡುತ್ತಲೇ ಎಡಗೈ ಮೂರು ಗುಂಡಿ ಒತ್ತಿತು. ಪರದೆಯ ಮೇಲೆ ಸ, ವ, ಡ. ಅಲ್ಲಿಗೆ ಎಡಗೈ ನಿಂತಿತು. ಬಲಗೈಯ ನಡುಬೆರಳು ಅಲುಗಿತು, ಏಳಲಿಲ್ಲ. ಅದು ಒತ್ತಬೇಕಾದ ಗುಂಡಿ ಯಾವುದೆಂದು ಈಗ ನನಗೆ ಗೊತ್ತಿತ್ತು. ಡ ಅಕ್ಷರಕ್ಕೆ ಗುಡಿಸು ಕೊಡುವ ಗುಂಡಿ, ಐ. ಚಿಗವ್ವ ಅವನ ಬೆರಳು ಹಿಡಿದು ಅದರ ಮೇಲೆ ಊರಿದಳು. ಸವಡಿ.

ಗುಂಡಿಗಳ ಲೆಕ್ಕದಲ್ಲಿ ಅದು ಎಸ್, ವಿ, ಡಬ್ಲ್ಯೂ, ಐ. ನಾವು ಹನ್ನೊಂದು ದಿನದಲ್ಲಿ ಮಾಡಿದ ಯಾವ ಸವಡಿಯಲ್ಲೂ ಈ ನಾಲ್ಕು ಅಕ್ಷರ ಈ ಸಾಲಿನಲ್ಲಿ ಬಂದಿರಲಿಲ್ಲ. ಎಲ್ಲ ಇಂಗ್ಲಿಷಿನ ಸವಡಿಗಳು. ಕೀಲಿಮಣೆಯನ್ನು ತಿರುಗಿ ಅವನ ಕಂಪ್ಯೂಟರಿಗೆ ಜೋಡಿಸಿದೆ. ನಾನು ಹೊಡೆಯಬಹುದಿತ್ತು. ಚಿಗವ್ವ ನನ್ನ ಕೈ ಹಿಡಿದಳು. ಕಾಕಾ ಎಡಗೈಯಿಂದ ಮೂರು ಒತ್ತಿದ, ಸ್ವಲ್ಪ ತಡೆದು ನಾಲ್ಕನೆಯದಕ್ಕೂ ಎಡಗೈಯನ್ನೇ ಚಾಚಿದ. ಎಂಟರ್ ಹೊಡೆದ. ಬಾಗಿಲು ತೆರೆಯಿತು. ಹೌದಲಾ ಅಂದ; ಆ ಸಲದ ಹೌದಲಾಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಲೆಕ್ಕ ಹಾಕಿದರೆ ನಗು ಬರುತ್ತದೆ. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ನಾಲ್ಕಕ್ಷರದ ಪಾಸ್‌ವರ್ಡುಗಳು ಒಟ್ಟು 4,56,976 ಮಾತ್ರ. ಆ ಹಿಟ್ಟಿನ ಕಡತ ಕೈಯಲ್ಲಿದ್ದರೆ ಇವತ್ತಿನ ಯಂತ್ರ ಅಷ್ಟನ್ನೂ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೀಸಿ ನೋಡಿಬಿಡುತ್ತದೆ. ಮಾರಿಸ್ ಮತ್ತು ಥಾಂಪ್ಸನ್ನರ ಪಟ್ಟಿಯಲ್ಲಿ ಇದು ಕೈಲಾಗದವರ ಸಾಲಿನಲ್ಲಿ ಇರುತ್ತಿತ್ತು. ಯಂತ್ರಕ್ಕೆ ಅಷ್ಟು ದುರ್ಬಲವಾದದ್ದು ಮನೆಯವರಾದ ನಮ್ಮೆದುರು ಗಟ್ಟಿಯಾಗಿ ನಿಂತಿತು. ಕಾಕಾ ಏನು ಬರೆದಿದ್ದಾನೆಂದು ನಮಗೆ ಗೊತ್ತಿತ್ತು, ಯಾವ ಭಾಷೆಯಲ್ಲಿ ಬರೆಯುತ್ತಾನೆಂದು ಮಾತ್ರ ನಾವು ಯೋಚಿಸಿರಲಿಲ್ಲ. ಅವನ ಮಟ್ಟಿಗೆ ಆ ಮಣೆಯ ಮೇಲೆ ಇಂಗ್ಲಿಷೇ ಇರಲಿಲ್ಲ.

ಹಿಂದೆ ನಮ್ಮ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆದರೆ ಮೇಲಿನಿಂದ ಗುರುತು ಸಿಗುತ್ತಿರಲಿಲ್ಲ. ಯಾವ ಹಗೇವು ಯಾರದು, ಎಲ್ಲಿದೆ, ಎಷ್ಟಿದೆ ಎಂಬುದು ಹಿರಿಯರ ತಲೆಯಲ್ಲಿ. ಆದರೆ ಒಬ್ಬರ ತಲೆಯಲ್ಲಲ್ಲ. ತೋಡಿದವರು, ತುಂಬಿದವರು, ಹೊತ್ತವರು ಇರುತ್ತಿದ್ದರು. ತೆಗೆಯುವುದಕ್ಕೂ ರೀತಿಯಿತ್ತು. ಕಲ್ಲು ಸರಿಸಿದ ಕೂಡಲೇ ಇಳಿಯಬಾರದು, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ, ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಮುಚ್ಚಿಟ್ಟದ್ದನ್ನು ತೆಗೆಯಲು ಅವಸರ ಮಾಡಬಾರದು ಎಂದು ಅವರಿಗೆ ಗೊತ್ತಿತ್ತು. ಈಗ ಒಬ್ಬ ಮನುಷ್ಯನ ಜೀವಮಾನದ ಫೋಟೋ, ಪತ್ರ, ಲೆಕ್ಕ, ಬರಹ ಎಲ್ಲ ಒಂದು ಶಬ್ದದ ಹಿಂದೆ ಇರುತ್ತವೆ. ಆ ಶಬ್ದ ಒಂದೇ ತಲೆಯಲ್ಲಿರುತ್ತದೆ. ಗುಟ್ಟು ಕಾಯುವುದು ಹೇಗೆಂದು ನಮಗೆ ಎಲ್ಲರೂ ಹೇಳಿಕೊಟ್ಟಿದ್ದಾರೆ. ಹೊತ್ತು ಬಂದಾಗ ಗುಟ್ಟನ್ನು ಯಾರ ಕೈಗೆ, ಹೇಗೆ ಕೊಡಬೇಕೆಂಬುದನ್ನು ನಾವೇ ಕಲಿತುಕೊಳ್ಳಬೇಕಾಗಿದೆ.

ಮನೆಯವರ ಪಾಸ್‌ವರ್ಡನ್ನು ಹೀಗೆ ನಾಲ್ಕು ಜನರ ಮುಂದೆ ಬರೆಯಬಹುದೇ ಎಂದು ಯಾರಾದರೂ ಕೇಳಬಹುದು. ಈಗ ಅದು ಅದಲ್ಲ. ಹಾಡುಗಳನ್ನೆಲ್ಲ ಯುನಿಕೋಡಿಗೆ ಬದಲಿಸಿ ಮೂರು ಕಡೆ ಇಟ್ಟ ಮೇಲೆ ಕಾಕಾ ಹೊಸ ಪಾಸ್‌ವರ್ಡ್ ಹಾಕಿದ. ಎಡಗೈ ಒಂದರಿಂದಲೇ, ನಮ್ಮನ್ನು ಹೊರಗೆ ಕಳಿಸಿ. ಚಿಗವ್ವ ಒಬ್ಬಳು ಒಳಗಿದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಅವನು ಒತ್ತಿದ ಹಾಗೆ ಅವಳು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು ತನ್ನ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಅದು ನನಗೂ ಗೊತ್ತಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಅವಳು ಅವನ ಪಕ್ಕ ಕೂತು ತನಗೆ ಬರುವ ಬೀಸುವ ಪದ ಹೇಳುತ್ತಾಳೆ, ಅವನು ಒಂದೇ ಕೈಯಲ್ಲಿ ಹೊಡೆಯುತ್ತಾನೆ. ಇಷ್ಟು ವರ್ಷ ಊರೂರು ತಿರುಗಿ ಹಾಡು ಕೂಡಿಸಿದವನು ಅವಳನ್ನು ಮಾತ್ರ ಯಾವತ್ತೂ ಕೇಳಿರಲಿಲ್ಲ ಎಂದು ಅವಳು ನಗುತ್ತಾಳೆ.